ಒಬ್ಬರ ಉಸಿರಿನ ತೂಕ

ಮೂರು ಟೆಂಟುಗಳನ್ನು ಬೀಗದಣ್ಣ ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾನು ಒಂದೊಂದನ್ನೇ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ತೂಗಿದೆ. ಎರಡು ಪದರದ್ದು ಒಂದು ಕಿಲೋ ಮುನ್ನೂರೈವತ್ತು ಗ್ರಾಂ. ಒಂದೇ ಪದರದ್ದು, ನಡೆಯುವ ಕೋಲನ್ನೇ ಕಂಬ ಮಾಡಿಕೊಂಡು ನಿಲ್ಲುವಂಥದ್ದು, ಆರುನೂರ ನಲವತ್ತು. ಮೂರನೆಯದು ಬಾಗಿಲೂ ನೆಲವೂ ಇಲ್ಲದ ಬರೀ ಮೇಲ್ಹೊದಿಕೆ, ಮುನ್ನೂರ ತೊಂಬತ್ತು. ಚೀಟಿಯಲ್ಲಿ ಅಚ್ಚಾಗಿದ್ದಕ್ಕಿಂತ ಮೂರೂ ಹೆಚ್ಚು ತೂಗಿದವು.

"ಅಂಗಡಿಯವರ ಗ್ರಾಂ ಬೇರೆ, ನಮ್ಮ ಗ್ರಾಂ ಬೇರೆ," ಎಂದರು ಬೀಗದಣ್ಣ. ಅವರು ನಮ್ಮ ಕಚೇರಿಯ ಉಗ್ರಾಣ ನೋಡಿಕೊಳ್ಳುವವರು. ಪೆನ್ಸಿಲ್ ಡಬ್ಬಿಗೂ ಬೀಗ ಹಾಕುತ್ತಾರೆಂದು ಆ ಹೆಸರು ಬಿದ್ದಿತ್ತು. ಅವರಿಗೂ ಅದು ಗೊತ್ತು.

ನಾನು ಹೊಲಿಗೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಜಿಪ್ಪನ್ನು ಹತ್ತು ಸಲ ಎಳೆದು ಬಿಟ್ಟೆ. ಗೂಟಗಳನ್ನು ಎಣಿಸಿದೆ.

"ತಾಯಿ, ನೀವು ಟೆಂಟ್ ನೋಡ್ತಿದ್ದೀರೋ, ಗಂಡು ನೋಡ್ತಿದ್ದೀರೋ?"

"ಗಂಡಾದ್ರೆ ಇಷ್ಟು ನೋಡ್ತಿರ್ಲಿಲ್ಲ ಅಣ್ಣ. ಇದು ವರ್ಷವಿಡೀ ಬೆನ್ನ ಮೇಲೆ ಕೂರೋದು."

"ಹಾಗಾದ್ರೆ ಎರಡೂ ಒಂದೇ ಬಿಡಿ," ಎಂದು ಅವರು ಪುಸ್ತಕ ತೆರೆದು ನನ್ನ ಸಹಿ ಹಾಕಿಸಿಕೊಂಡರು.

ನನ್ನ ಕೆಲಸ ಏನೆಂದು ಹೇಳಬೇಕು. ನಮ್ಮ ಊರಿಗೆ ನೀರು ಬರುವುದು ಬೆಟ್ಟದ ನೆತ್ತಿಯ ಮೇಲಿನ ಜೌಗು ನೆಲದಿಂದ. ಅಲ್ಲಿ ಏಳು ಕೊಳವೆಗಳನ್ನು ನೆಟ್ಟಿದ್ದಾರೆ. ಪ್ರತಿ ತಿಂಗಳ ಮೊದಲ ಮಂಗಳವಾರ ಸೂರ್ಯ ಮುಳುಗುವಾಗ ಒಮ್ಮೆ, ಮರುದಿನ ಸೂರ್ಯ ಹುಟ್ಟುವಾಗ ಒಮ್ಮೆ, ಆ ಕೊಳವೆಗಳಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಅಳೆದು ಬರೆಯಬೇಕು. ನಡುವಿನ ರಾತ್ರಿ ಅಲ್ಲೇ ಉಳಿಯಬೇಕು. ಹತ್ತಲು ಇಳಿಯಲು ಮೂರು ಮೂರು ತಾಸು ಹಿಡಿಯುತ್ತದೆ. ಜೊತೆಗೆ ಯಾರನ್ನೂ ಕರೆದೊಯ್ಯುವಂತಿಲ್ಲ. ಆ ನೆಲ ಸ್ಪಂಜಿನಂತೆ. ಪಕ್ಕದಲ್ಲಿ ಇನ್ನೊಬ್ಬರು ನಿಂತರೂ ಕೊಳವೆಯ ನೀರು ಕೂದಲೆಳೆಯಷ್ಟು ಏರುತ್ತದೆ. ಒಬ್ಬರೇ ಹೋಗಬೇಕೆಂಬುದು ಕಚೇರಿಯ ನಿಯಮ. ಮೊದಲು ಅಲ್ಲೊಂದು ಮರದ ಗುಡಿಸಲಿತ್ತು. ಅದರ ಭಾರಕ್ಕೆ ನೆಲ ಕುಸಿಯುತ್ತಿದೆಯೆಂದು ನಾನು ಸೇರುವ ಮುಂಚೆಯೇ ಕಿತ್ತುಹಾಕಿದ್ದರು. ಹಾಗಾಗಿ ಬೇಸಿಗೆ, ಮಳೆ, ಚಳಿ ಮೂರಕ್ಕೂ ಒಗ್ಗುವ, ಒಬ್ಬರು ಹೊರಬಹುದಾದ ಒಂದು ಟೆಂಟ್ ಬೇಕಿತ್ತು. ಯಾವುದು ಆದೀತೆಂದು ಬಳಸಿ ನೋಡಿ ವರದಿ ಬರೆಯಲು ಎಂಜಿನಿಯರ್ ಮೇಡಂ ನನಗೇ ಹೇಳಿದ್ದರು.

ಹನ್ನೆರಡು ತಿಂಗಳ ಅಂಕಿಗಳನ್ನು ಒಂದೂ ತಪ್ಪದೆ ತಂದರೆ ನನ್ನ ಕೆಲಸ ಕಾಯಂ. ಒಂದು ತಿಂಗಳು ತಪ್ಪಿದರೂ ಆ ವರ್ಷದ ಲೆಕ್ಕವೇ ವ್ಯರ್ಥ, ಜಾಗ ಬೇರೆಯವರಿಗೆ. ಕಾಯಂ ಆದವರಿಗೆ ಕಚೇರಿಯ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಕೊಡುತ್ತಾರೆ. ನಾನು ಹೋಗಿ ನೋಡಿ ಬಂದಿದ್ದೆ. ಒಂದು ಕಿಟಕಿ, ಒಂದು ನಲ್ಲಿ. ಬಾಗಿಲಿಗೆ ಒಳಗಿನಿಂದ ಚಿಲಕ.

ಮೂವತ್ತನಾಲ್ಕು ವರ್ಷದಲ್ಲಿ ನಾನು ಬಾಗಿಲಿರುವ ಜಾಗದಲ್ಲಿ ಮಲಗಿದವಳಲ್ಲ. ಅಣ್ಣನ ಮನೆಯಲ್ಲಿ ನನ್ನ ಹಾಸಿಗೆ ನಡುಮನೆಯಲ್ಲಿ. ಅಡುಗೆಮನೆಗೆ ಹೋಗುವವರು, ಬಚ್ಚಲಿಗೆ ಹೋಗುವವರು, ನೀರು ಕುಡಿಯಲು ಎದ್ದವರು ಎಲ್ಲರೂ ನನ್ನ ಕಾಲ ಬಳಿಯಿಂದಲೇ ದಾಟಬೇಕು. ಅತ್ತಿಗೆ ಕೆಟ್ಟವಳೇನಲ್ಲ. ಮನೆ ಇರುವುದೇ ಹಾಗೆ. ಆದರೆ ನಾನು ನಿದ್ದೆಯಲ್ಲೂ ಯಾರ ಹೆಜ್ಜೆ ಯಾವುದೆಂದು ಗುರುತಿಸುತ್ತಿದ್ದೆ. ಆ ಅಭ್ಯಾಸ ಬಿಡಬೇಕೆಂಬ ಆಸೆ ಇತ್ತು.

ಮೊದಲು ಮನೆಯ ತಾರಸಿಯ ಮೇಲೆ ಪರೀಕ್ಷೆ ಮಾಡಿದೆ. ಎರಡು ಪದರದ್ದು ಚೆನ್ನಾಗಿತ್ತು, ಭಾರ. ಮೇಲ್ಹೊದಿಕೆ ಹಗುರ, ಆದರೆ ನಾಲ್ಕೂ ಕಡೆ ತೆರೆದದ್ದು. ಒಂದೇ ಪದರದ್ದು ನನಗೆ ನೋಡಿದ ಕೂಡಲೇ ಹಿಡಿಸಿತು. ತಲೆಯ ಕಡೆ ಸೊಂಟದಷ್ಟು ಎತ್ತರ, ಕಾಲಿನ ಕಡೆ ಮೊಣಕಾಲಷ್ಟು. ಮಲಗಿದರೆ ಎರಡು ಭುಜಗಳೂ ಬಟ್ಟೆಗೆ ತಾಕುವಷ್ಟು ಕಿರಿದು. ಜಿಪ್ಪಿಗೆ ಹೊರಗೊಂದು ಹಿಡಿ, ಒಳಗೊಂದು ಹಿಡಿ.

ಒಣಗಿದ ಬಟ್ಟೆ ಎತ್ತಿಕೊಳ್ಳಲು ಬಂದ ಅತ್ತಿಗೆ ಬಗ್ಗಿ ಇಣುಕಿದಳು. "ಅಯ್ಯೋ, ಇದ್ರೊಳಗೆ ಮಗ್ಗಲು ಬದಲಾಯಿಸ್ಬೇಕಾದ್ರೆ ಹೊರಗೆ ಬಂದು ಬದಲಾಯಿಸ್ಕೊಂಡು ಮತ್ತೆ ಒಳಗೆ ಹೋಗ್ಬೇಕೇನೋ."

"ಒಬ್ಬಳಿಗೆ ಸಾಕು ಅತ್ತಿಗೆ."

"ಒಬ್ಬಳಿಗೆ ಸಾಕು, ಒಬ್ಬಳಿಗೆ ಸಾಕು. ಇದೇ ಜಪ ನಿಂದು," ಎಂದು ಬಟ್ಟೆ ಹೊತ್ತು ಇಳಿದಳು.

ಒಂದೇ ಪದರದ ಟೆಂಟಿನ ತೊಂದರೆ ಎಂದರೆ ಮಲಗಿದವರ ಉಸಿರು ಒಳಮೈಗೆ ತಾಕಿ ನೀರಾಗುತ್ತದೆ. ಎಷ್ಟು ನೀರು ಎಂಬುದು ವರದಿಗೆ ಬೇಕಿತ್ತು. ಅದಕ್ಕೆ ನಾನೊಂದು ಕ್ರಮ ಮಾಡಿಕೊಂಡೆ. ಒಣ ಬಟ್ಟೆಗಳೆರಡನ್ನು ಸಂಜೆ ತೂಗಿಡುವುದು. ಬೆಳಿಗ್ಗೆ ಒಂದರಿಂದ ಟೆಂಟಿನ ಒಳಮೈ ಒರೆಸುವುದು, ಇನ್ನೊಂದರಿಂದ ಹೊರಮೈ. ಮತ್ತೆ ತೂಗುವುದು. ಹೊರಗಿನದು ಇಬ್ಬನಿ, ಒಳಗಿನದು ಉಸಿರು. ತಾರಸಿಯ ಮೇಲೆ ಮೂರು ದಿನ ಮಲಗಿದೆ. ಒಳಗಿನ ನೀರು ನೂರೆಂಟು, ನೂರ ಹದಿನಾಲ್ಕು, ನೂರ ಹತ್ತು ಗ್ರಾಂ ಬಂತು. ಅರ್ಧ ಲೋಟ ನೀರು. ಅದು ನನ್ನ ಒಂದು ರಾತ್ರಿಯ ಉಸಿರು. ಆ ಮನೆಯಲ್ಲಿ ತನ್ನ ಉಸಿರಿನ ತೂಕ ಗೊತ್ತಿದ್ದವಳು ನಾನೊಬ್ಬಳೇ ಎಂದು ಸಣ್ಣಗೆ ಹೆಮ್ಮೆಯೂ ಆಗಿತ್ತು.

ಮೊದಲ ತಿಂಗಳು ಅದೇ ಟೆಂಟನ್ನು ಹೊತ್ತು ಬೆಟ್ಟ ಹತ್ತಿದೆ. ಮೇಲೆ ಮರವಿಲ್ಲ, ಪೊದೆಯಿಲ್ಲ. ಹಳದಿ ಹುಲ್ಲು, ಕಪ್ಪು ನೀರು, ಅದರಾಚೆ ಆಕಾಶ. ಜೌಗಿನ ಅಂಚಿನಲ್ಲಿ ಹಾಸುಬಂಡೆಯ ಪಕ್ಕ ಒಂದಿಷ್ಟು ಜಲ್ಲಿ ನೆಲವಿದೆ. ಗುಡಿಸಲಿದ್ದ ಜಾಗ ಅದೇ. ಟೆಂಟ್ ಹಾಕಲು ಬೇರೆ ಒಣ ಜಾಗವೂ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಏಳು ಕೊಳವೆ ನೋಡಿ ಬರೆದು, ಒಳಗೆ ಹೋಗಿ ಜಿಪ್ ಎಳೆದೆ. ನನ್ನಂಥವಳಿಗೆ ಅಲ್ಲಿ ಕಣ್ಣು ಮುಚ್ಚುವುದೂ ಕಷ್ಟವಾಗಬೇಕಿತ್ತು. ಆಶ್ಚರ್ಯವೆಂದರೆ ಕಲ್ಲಿನಂತೆ ನಿದ್ದೆ ಬಂತು.

ಬೆಳಿಗ್ಗೆ ಒಳಮೈ ಒರೆಸಿ ತೂಗಿದೆ. ಇನ್ನೂರ ಇಪ್ಪತ್ತನಾಲ್ಕು.

ತಕ್ಕಡಿ ಸರಿಯಿಲ್ಲವೆಂದುಕೊಂಡು ನೀರಿನ ಬಾಟಲಿ ಸಿಕ್ಕಿಸಿ ನೋಡಿದೆ. ತಕ್ಕಡಿ ಸರಿಯಾಗಿತ್ತು. ಹೊರಮೈ ಒರೆಸಿದ ಬಟ್ಟೆ ಸಂಜೆಯಷ್ಟೇ ಒಣಗಿತ್ತು. ಗಾಳಿಯಿದ್ದುದರಿಂದ ಇಬ್ಬನಿಯೇ ಬಿದ್ದಿರಲಿಲ್ಲ. ಅಂಕಿಯನ್ನು ಇದ್ದ ಹಾಗೆಯೇ ವರದಿಯಲ್ಲಿ ಬರೆದೆ. ಬರೆಯದೆ ಬಿಡುವುದು ನನಗೆ ಆಗುವುದಿಲ್ಲ.

ಎರಡು ದಿನ ಬಿಟ್ಟು ಎಂಜಿನಿಯರ್ ಮೇಡಂ ಕರೆದರು. ಅವರ ಮೇಜಿನ ಮೇಲೆ ನನ್ನ ವರದಿ ಇತ್ತು. ಇನ್ನೂರ ಇಪ್ಪತ್ತನಾಲ್ಕರ ಕೆಳಗೆ ಅವರು ಕೆಂಪು ಗೆರೆ ಎಳೆದಿದ್ದರು.

"ಬಾಗಿಲು ಹಾಕಿ ಬಾ," ಎಂದರು. ಹಾಕಿದೆ. "ನಾನು ಬೈತಿಲ್ಲ, ಕೇಳ್ತಿದ್ದೀನಿ ಅಷ್ಟೆ. ಮೇಲೆ ಯಾರನ್ನ ಕರ್ಕೊಂಡು ಹೋಗಿದ್ದೆ?"

"ಯಾರನ್ನೂ ಇಲ್ಲ ಮೇಡಂ."

"ಮನೇಲಿ ನೂರ ಹತ್ತು, ಅಲ್ಲಿ ಅದರ ಎರಡರಷ್ಟು. ಲೆಕ್ಕ ಬರೋರಿಗೆ ಇದೇನು ಅಂತ ತಿಳಿಯಲ್ವಾ? ನಿನ್ನ ಸ್ವಂತ ವಿಷಯ ನನಗೆ ಬೇಡ. ಆದ್ರೆ ಇಬ್ಬರು ಹೋದ್ರೆ ಕೊಳವೆ ಅಂಕಿ ಕೆಡತ್ತೆ. ಆಮೇಲೆ ನಾನು ನಿನ್ನ ಉಳಿಸ್ಕೊಳ್ಳೋಕೆ ಆಗಲ್ಲ."

ನನ್ನ ಕಿವಿ ಬಿಸಿಯಾಯಿತು. "ಇಬ್ಬರು ಮಲಗೋಕೆ ಅದರಲ್ಲಿ ಜಾಗವೇ ಇಲ್ಲ ಮೇಡಂ. ಬೇಕಾದ್ರೆ ನೀವೇ ಮಲಗಿ ನೋಡಿ."

ಅವರು ನಕ್ಕುಬಿಟ್ಟರು. ಒಳ್ಳೆಯ ಹೆಂಗಸು. "ಸರಿ, ಹೀಗೆ ಮಾಡು. ಅದೇ ಥರದ್ದು ಇನ್ನೊಂದು ತಗೊಂಡು ಹೋಗು. ಪಕ್ಕದಲ್ಲೇ ಹಾಕಿ, ಜಿಪ್ ಮುಚ್ಚಿ, ಖಾಲಿ ಬಿಡು. ಬೆಳಿಗ್ಗೆ ಎರಡನ್ನೂ ತೂಗು. ಖಾಲಿ ಟೆಂಟಲ್ಲೂ ನೂರು ಗ್ರಾಂ ಬಂದ್ರೆ ಅದು ಆ ಜಾಗದ ತೇವ ಅಂತ ಗೊತ್ತಾಗತ್ತೆ."

ಪರೀಕ್ಷೆಯೆಂದರೆ ಹಾಗೆಯೇ ಮಾಡಬೇಕು. ಕಾಲೇಜಿನಲ್ಲಿ ನನಗೂ ಅದನ್ನೇ ಕಲಿಸಿದ್ದರು. ಅದರಲ್ಲಿ ತಪ್ಪಿರಬಹುದೆಂದು ಆಗ ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

ಎರಡನೆಯ ತಿಂಗಳು ಎರಡು ಟೆಂಟ್ ಹೊತ್ತು ಹೋದೆ. ಎರಡನ್ನೂ ಎರಡು ಮಾರು ದೂರದಲ್ಲಿ ಹಾಕಿ, ಖಾಲಿಯದರ ಜಿಪ್ಪನ್ನು ಕೆಳಗಿನವರೆಗೂ ಎಳೆದೆ. ಬೆಳಿಗ್ಗೆ ಮೊದಲು ನನ್ನದನ್ನು ಒರೆಸಿದೆ. ನೂರ ಹನ್ನೊಂದು. ಎದೆ ಹಗುರವಾಯಿತು. ನನ್ನ ಉಸಿರು ಮತ್ತೆ ನನ್ನದಾಗಿತ್ತು.

ಆಮೇಲೆ ಖಾಲಿ ಟೆಂಟಿನ ಜಿಪ್ ತೆರೆದು ಬಗ್ಗಿದೆ. ಜಾಗದ ತೇವವಾಗಿದ್ದರೆ ಬಟ್ಟೆಯ ತುಂಬ ಒಂದೇ ಸಮನಾಗಿ ಕೂರಬೇಕಿತ್ತು. ಕಾಲಿನ ಕಡೆ ಒಣಗಿತ್ತು. ಮಧ್ಯದಲ್ಲೂ ಒಣಗಿತ್ತು. ತಲೆಯ ಕಡೆ, ಮಲಗಿದವರ ಬಾಯಿಗೆ ನೇರ ಮೇಲೆ, ಊಟದ ತಟ್ಟೆಯಷ್ಟು ಅಗಲಕ್ಕೆ ನೀರು ಹನಿಹನಿಯಾಗಿ ತೂಗುತ್ತಿತ್ತು. ಅಲ್ಲಿಂದ ಎರಡೂ ಪಕ್ಕಕ್ಕೆ ಇಳಿದು ಅಂಚಿನಲ್ಲಿ ನಿಂತಿತ್ತು. ಒರೆಸಿ ತೂಗಿದೆ. ನೂರ ಹದಿಮೂರು.

ಎಂಜಿನಿಯರ್ ಮೇಡಂಗೆ ಸಮಾಧಾನವಾಯಿತು. "ನೋಡಿದ್ಯಾ? ಜಾಗದ ತೇವ. ಸುಮ್ಮನೆ ನಿನ್ನ ಮೇಲೆ ಅನುಮಾನಪಟ್ಟೆ," ಎಂದು ಸಹಿ ಹಾಕಿದರು. ನೀರು ಎಲ್ಲಿತ್ತು, ಯಾವ ಆಕಾರದಲ್ಲಿತ್ತು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಒಂದೋ ಹುಚ್ಚಿ ಎನ್ನುತ್ತಿದ್ದರು, ಇಲ್ಲವೇ ನನ್ನ ಹಿಂದೆ ಯಾರನ್ನಾದರೂ ಕಳಿಸುತ್ತಿದ್ದರು. ಎರಡರಲ್ಲೂ ಕೋಣೆ ಕೈತಪ್ಪುತ್ತಿತ್ತು.

ಮೂರನೆಯ ತಿಂಗಳು ಒಂದೇ ಟೆಂಟ್ ಒಯ್ದೆ. ಪರೀಕ್ಷೆ ಮುಗಿದಿತ್ತಲ್ಲ. ಕೊಳವೆಗಳನ್ನು ನೋಡಿ ಬರುವಾಗ ಇನ್ನೂ ಬೆಳಕಿತ್ತು. ಒಳಗೆ ಮಲಗಿ ಜಿಪ್ ಎಳೆದು ಮೇಲೆ ನೋಡಿದೆ. ನನ್ನ ಬಾಯಿಯ ಮೇಲೆ, ಒಂದು ಮೊಳ ದೂರದಲ್ಲಿ, ಬಟ್ಟೆ ಮಸುಕಾಗತೊಡಗಿತು. ಉಸಿರು ಬಿಟ್ಟಾಗ ಮಸುಕು ಹರಡುತ್ತದೆ, ಎಳೆದಾಗ ಅಂಚು ತುಸು ಕರಗುತ್ತದೆ. ನೋಡುತ್ತಾ ನೋಡುತ್ತಾ ಅದು ನನ್ನ ಉಸಿರಿಗಿಂತ ಬೇಗ ಬೇಗ ಹರಡುತ್ತಿದೆ ಅನ್ನಿಸಿತು.

ನಾನು ಉಸಿರು ಬಿಗಿಹಿಡಿದೆ.

ಮಸುಕು ಹರಡಿತು. ನಿಂತಿತು. ಮತ್ತೆ ಹರಡಿತು. ಇಪ್ಪತ್ತರವರೆಗೆ ಎಣಿಸಿದೆ, ಅಷ್ಟರಲ್ಲಿ ಅದು ಐದು ಸಲ ಹರಡಿತ್ತು. ಇಪ್ಪತ್ತೊಂದಕ್ಕೆ ನನ್ನ ಎದೆ ತಾನಾಗಿ ಬಿಚ್ಚಿಕೊಂಡಿತು.

ನನ್ನ ಎಡಭುಜ ಒಂದು ಗೋಡೆಗೆ, ಬಲಭುಜ ಇನ್ನೊಂದು ಗೋಡೆಗೆ ತಾಕಿತ್ತು. ಪಕ್ಕದಲ್ಲಿ ಯಾರೂ ಇರಲು ಜಾಗವಿರಲಿಲ್ಲ. ಮೇಲೆಯೂ ಏನೂ ಇರಲಿಲ್ಲ, ಭಾರವಿಲ್ಲ, ವಾಸನೆಯಿಲ್ಲ. ನಾನು ಮಲಗಿದ್ದಲ್ಲೇ, ನನ್ನ ಬಾಯಿ ಇದ್ದಲ್ಲೇ ಅದರ ಬಾಯಿಯೂ ಇತ್ತು. ಎದ್ದು ಓಡಬಹುದಿತ್ತು. ಓಡಿದರೆ ಬೆಳಗಿನ ಅಂಕಿ ಹೋಗುತ್ತದೆ. ಕಣ್ಣು ಮುಚ್ಚಿ, ಕೋಣೆಯ ಕಿಟಕಿ, ನಲ್ಲಿ, ಚಿಲಕ ಎಂದು ಹೇಳಿಕೊಳ್ಳುತ್ತಾ ಮಲಗಿದೆ. ಬೆಳಿಗ್ಗೆ ಇನ್ನೂರ ಇಪ್ಪತ್ತಾರು.

ನಾಲ್ಕನೆಯ ತಿಂಗಳು ಮತ್ತೆ ಉಗ್ರಾಣಕ್ಕೆ ಹೋಗಿ ಎರಡು ಕೇಳಿದೆ.

"ಪರೀಕ್ಷೆ ಮುಗೀತು ಅಂದ್ರಲ್ಲ?" ಬೀಗದಣ್ಣ ಬೀಗದ ಗೊಂಚಲು ತಿರುಗಿಸಿದರು.

"ವರ್ಷವಿಡೀ ಆಗೋ ಟೆಂಟು ಅಂದ್ರೆ ವರ್ಷವಿಡೀ ಪರೀಕ್ಷೆ ಮಾಡ್ಬೇಡ್ವಾ ಅಣ್ಣ?"

"ಮಾಡಿ ತಾಯಿ, ಮಾಡಿ. ನನಗೇನು, ಹೊರೋದು ನೀವು. ಇಲ್ಲಿ ಸಹಿ ಹಾಕಿ. ಎರಡು ಸಲ ಹಾಕಿ."

ಈಗ ಆರಿಸುವ ಲೆಕ್ಕವೇ ಬದಲಾಗಿತ್ತು. ಒಂದೇ ಪದರದ್ದು ಎರಡಾದರೆ ತೂಕ ಎರಡು ಪದರದ್ದರ ಹತ್ತಿರಕ್ಕೇ ಬರುತ್ತಿತ್ತು. ಎರಡು ಬೇಕೆಂದಾಗ ಪ್ರತಿ ಗ್ರಾಂ ಭುಜಕ್ಕೆ ತಿಳಿಯುತ್ತದೆ. ಆ ತಿಂಗಳು ಎರಡನ್ನೂ ಹೊತ್ತು ಹತ್ತಿದ್ದಕ್ಕೆ ಒಂದು ವಾರ ಕತ್ತು ತಿರುಗಲಿಲ್ಲ. ಹಾಗಾಗಿ ಐದನೆಯ ತಿಂಗಳು ಸ್ವಲ್ಪ ಜಾಣತನ ಮಾಡಿದೆ. ನನಗೆ ಟೆಂಟ್, ಅದಕ್ಕೆ ಬರೀ ಮೇಲ್ಹೊದಿಕೆ. ಇನ್ನೂರೈವತ್ತು ಗ್ರಾಂ ಉಳಿಯಿತು. ಬೆಳಿಗ್ಗೆ ನೋಡಿದರೆ ಮೇಲ್ಹೊದಿಕೆಯ ಒಳಮೈ ಗರಿಗರಿಯಾಗಿ ಒಣಗಿತ್ತು. ನನ್ನ ಟೆಂಟಿನಲ್ಲಿ ಇನ್ನೂರ ಇಪ್ಪತ್ತೈದು.

ಅದಕ್ಕೂ ಬಾಗಿಲು ಬೇಕಿತ್ತು.

ನನ್ನ ತಪ್ಪು ನನಗೆ ತಿಳಿದದ್ದು ಅವತ್ತು ಇಳಿಯುವಾಗ. ಗುಡಿಸಲು ಕಿತ್ತ ಮೇಲೆ ಆ ಬಯಲಲ್ಲಿ ಗೋಡೆಯೆಂಬುದೇ ಇರಲಿಲ್ಲ. ನನ್ನ ಟೆಂಟ್ ಕಂಡಾಗ ಅದು ಬಂದು ನುಸುಳಿತು, ಅಷ್ಟೇ ಆಗಿದ್ದರೆ ಇನ್ನೆಲ್ಲಿಗಾದರೂ ಹೋಗುತ್ತಿತ್ತೋ ಏನೋ. ನಾನು ಅದರ ಅಳತೆಗೆ ಸರಿಯಾದ ಮನೆಯೊಂದನ್ನು ಪಕ್ಕದಲ್ಲೇ ಕಟ್ಟಿ, ಬಾಗಿಲು ಮುಚ್ಚಿ, ಇಡೀ ರಾತ್ರಿ ಬಿಟ್ಟುಕೊಟ್ಟಿದ್ದೆ. ಪರೀಕ್ಷೆಯ ಹೆಸರಿನಲ್ಲಿ ಕೊಟ್ಟದ್ದೆಂದು ಅದಕ್ಕೇನು ಗೊತ್ತು? ಒಮ್ಮೆ ಕೊಟ್ಟ ಮೇಲೆ ಅದು ಕಾಯುತ್ತಿತ್ತು.

ಆರನೆಯ ತಿಂಗಳಿನಿಂದ ತಪ್ಪದೆ ಎರಡು ಒಯ್ದೆ. ಮೊದಲು ಅದರದ್ದನ್ನು ಹಾಕುತ್ತಿದ್ದೆ, ಆಮೇಲೆ ನನ್ನದು. ಬಾಗಿಲುಗಳನ್ನು ಒಂದಕ್ಕೊಂದು ಬೆನ್ನು ಮಾಡಿ ಇಡುತ್ತಿದ್ದೆ. ಅದರತ್ತ ನೋಡುತ್ತಿರಲಿಲ್ಲ, ನಡುಮನೆಯಲ್ಲಿ ಮಲಗಿದವರನ್ನು ದಾಟುವವರು ನೋಡಬಾರದೆಂದು ನನಗೆ ಅನ್ನಿಸುತ್ತಿತ್ತಲ್ಲ, ಹಾಗೆ. ಪ್ರತಿ ಬೆಳಿಗ್ಗೆ ನನ್ನದು ನೂರ ಹತ್ತರ ಆಚೀಚೆ. ಅದರದ್ದೂ ಅಷ್ಟೇ. ಮಳೆಗಾಲದಲ್ಲಿ ಅದರದ್ದು ನೂರ ನಲವತ್ತಕ್ಕೆ ಏರಿತು. ನಾನು ಕುಳಿತು ಯೋಚಿಸಿದೆ, ಶೀತವಾಗಿರಬಹುದೇ ಎಂದು. ಯೋಚಿಸಿದ ಮೇಲೆ ನನ್ನ ಮೈಮೇಲೆ ಮುಳ್ಳೆದ್ದವು. ನಾನು ಅದರ ಆರೋಗ್ಯದ ಬಗ್ಗೆ ಚಿಂತಿಸುತ್ತಿದ್ದೆ.

ಮನೆಯಲ್ಲಿ ಅತ್ತಿಗೆ ಬಿಡಲಿಲ್ಲ. ಎರಡು ಟೆಂಟುಗಳನ್ನು ತಾರಸಿಯ ಹಗ್ಗದ ಮೇಲೆ ಒಣಹಾಕಿದ್ದಾಗ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಒಬ್ಬಳಿಗೆ ಎರಡು ಯಾಕಮ್ಮ? ಯಾರದು ಇನ್ನೊಂದು? ನಮಗೂ ಒಂದ್ಸಲ ತೋರ್ಸು. ನಿಮ್ಮಣ್ಣಂಗೆ ನಾನು ಹೇಳಿ ಒಪ್ಪಿಸ್ತೀನಿ."

"ಅದು ಖಾಲಿ ಟೆಂಟು ಅತ್ತಿಗೆ. ಪರೀಕ್ಷೆಗೆ."

"ಖಾಲಿ ಅಂತೆ! ಬಸ್ಸಲ್ಲಿ ಒಂದು ಸೀಟು ಖಾಲಿ ಬಿಡು ನೋಡೋಣ. ಜಾಗ ಕಂಡ್ರೆ ಸಾಕು, ಯಾರಾದ್ರೂ ಬಂದು ಕೂತೇ ಕೂರ್ತಾರೆ." ಅವಳು ನಕ್ಕಳು. ನಾನು ನಗಲಿಲ್ಲವೆಂದು ಗಮನಿಸಿ ಸೊಂಟದಿಂದ ಕೈ ತೆಗೆದಳು. ಮೆತ್ತಗೆ ಕೇಳಿದಳು. "ಅಲ್ಲಿ ಭಯ ಆಗಲ್ವೇನೇ ನಿಂಗೆ?"

"ಆಗತ್ತೆ."

"ಮತ್ತೆ?"

"ಕೋಣೆ ಸಿಗತ್ತೆ," ಎಂದೆ. ಅವಳು ಮುಖ ತಿರುಗಿಸಿ ಟೆಂಟಿನ ಅಂಚಿನ ಸುಕ್ಕು ಬಿಡಿಸತೊಡಗಿದಳು.

ಹನ್ನೆರಡನೆಯ ತಿಂಗಳು ಚಳಿ ಕಚ್ಚುವಂತಿತ್ತು. ದಾರಿಯ ಕೊನೆಯ ತಾಸು ಗಾಳಿಗೆ ಬೆನ್ನು ಮಾಡಿ ಅಡ್ಡಡ್ಡ ನಡೆದೆ. ನೆತ್ತಿಯ ಮೇಲೆ ಹುಲ್ಲು ಒಂದೊಂದು ಎಳೆಯೂ ಬಿಳಿ ಕಟ್ಟಿ ಗಾಜಿನಂತೆ ಸದ್ದು ಮಾಡುತ್ತಿತ್ತು. ಎಂದಿನಂತೆ ಅದರ ಟೆಂಟನ್ನೇ ಮೊದಲು ಬಿಚ್ಚಿದೆ. ಮೂರು ಗೂಟ ಹೊಡೆದೆ. ನಾಲ್ಕನೆಯದಕ್ಕೆ ಬಗ್ಗಿದಾಗ ಗಾಳಿ ಅಡಿಯಿಂದ ನುಗ್ಗಿತು. ಹೊಲಿಗೆ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡ ಸದ್ದು ಕೇಳಿಸಿತು. ಹಗ್ಗ ನನ್ನ ಬೆರಳ ಸಂದಿಯಿಂದ ಹರಿದು ಹೋಯಿತು. ಬಟ್ಟೆ ಎರಡು ಸಲ ನೆಲ ಬಡಿದು, ಎದ್ದು, ಬೆಟ್ಟದಂಚು ದಾಟಿ ಮರೆಯಾಯಿತು.

ಉಳಿದದ್ದು ಒಂದು. ಬಂಡೆಯ ಮರೆಯಲ್ಲಿ ಅದನ್ನು ಹಾಕಿದೆ. ಅದು ನಿಂತಿತು. ಸೂರ್ಯ ಮುಳುಗುತ್ತಿದ್ದ, ಕೊಳವೆಗಳನ್ನು ನೋಡಿ ಬರೆದೆ. ಬಂದು ಟೆಂಟಿನ ಎದುರು ನಿಂತೆ.

ಇಳಿದುಬಿಡಬಹುದಿತ್ತು. ಇನ್ನೂ ಅರ್ಧ ತಾಸಿನ ಬೆಳಕಿತ್ತು. ಇಳಿದರೆ ಬೆಳಗಿನ ಏಳು ಅಂಕಿಗಳಿಲ್ಲ, ಹನ್ನೊಂದು ತಿಂಗಳೂ ನೀರಿಗೆ ಹೋದವು, ಕೋಣೆ ಇಲ್ಲ, ಮತ್ತೆ ನಡುಮನೆ. ಹೊರಗೆ ಮಲಗಿದರೆ ಬೆಳಿಗ್ಗೆ ಅಂಕಿ ಬರೆಯಲು ನಾನಿರುತ್ತಿರಲಿಲ್ಲ. ಒಳಗೆ ಹೋದರೆ ಜಿಪ್ ಎಳೆಯಬೇಕು. ಮೂರನೆಯ ತಿಂಗಳ ಆ ಸಂಜೆ ನೆನಪಾಯಿತು. ಹತ್ತಿರದಲ್ಲಿ ಎಲ್ಲೋ ಅದೂ ನಿಂತಿತ್ತು. ಅದರ ಮನೆ ಹಾರಿಹೋದದ್ದನ್ನು ಅದೂ ನೋಡಿತ್ತು.

ಒಳಗೆ ಹೋದೆ. ಬೆನ್ನ ಮೇಲೆ ಮಲಗಲಿಲ್ಲ. ಒಂದು ಮಗ್ಗಲಾಗಿ, ಬೆನ್ನನ್ನು ಬಟ್ಟೆಗೆ ಅಂಟಿಸಿ, ಮೊಣಕಾಲು ನೆಟ್ಟಗೆ ಮಾಡಿಕೊಂಡು ಎಷ್ಟು ಸರಿಯಲು ಸಾಧ್ಯವೋ ಅಷ್ಟು ಸರಿದೆ. ನನ್ನ ಎದುರು ಒಂದೂವರೆ ಗೇಣು ನೆಲ ತೆರವಾಯಿತು. ಜಿಪ್ಪನ್ನು ಒಂದು ಮೊಳದಷ್ಟು ತೆರೆದೇ ಬಿಟ್ಟೆ.

"ಇಷ್ಟೇ ಜಾಗ ಇರೋದು," ಎಂದೆ. ನನ್ನ ದನಿ ಅತ್ತಿಗೆಯ ದನಿಯಂತೆ ಕೇಳಿಸಿತು. "ಈ ಕಡೆ ನಂದು, ಆ ಕಡೆ ನಿಂದು. ನನ್ನ ಮೇಲೆ ಬರಬೇಡ. ಬೆಳಿಗ್ಗೆ ನನಗೆ ಕೆಲಸ ಇದೆ, ಬೇಗ ಏಳ್ತೀನಿ. ನಿನ್ನ ಎಬ್ಬಿಸಲ್ಲ."

ಗಾಳಿ ಟೆಂಟನ್ನು ಬಡಿಯಿತು. ಆ ಚಳಿಗೆ ಉಸಿರು ನೀರಾಗದೆ ನೇರವಾಗಿ ಹಿಮವಾಗುತ್ತಿತ್ತು. ನನ್ನ ಬಾಯಿಯ ಮೇಲೆ ಬಟ್ಟೆಯಲ್ಲಿ ಒಂದು ಬಿಳಿ ಬಿಲ್ಲೆ ಮೂಡಿ ದೊಡ್ಡದಾಗುತ್ತಿತ್ತು. ಉಳಿದ ಬೆಳಕಿನಲ್ಲಿ ಅದನ್ನೇ ನೋಡುತ್ತಾ ಇದ್ದೆ. ಆಮೇಲೆ ಆ ಕಡೆಯ ಗೋಡೆಯ ಮೇಲೆ, ನನ್ನ ಬಾಯಿಯ ಎತ್ತರಕ್ಕೇ, ಇನ್ನೊಂದು ಬಿಲ್ಲೆ ಮೂಡಿತು. ಮೊದಲು ನಾಣ್ಯದಷ್ಟು, ಆಮೇಲೆ ತಟ್ಟೆಯಷ್ಟು. ಅದು ಗೋಡೆಗೆ ಮುಖ ಮಾಡಿ ಮಲಗಿತ್ತು. ನನ್ನತ್ತ ತಿರುಗಿರಲಿಲ್ಲ.

ನಾನು ಕೈ ಚಾಚಿ, ನಮ್ಮಿಬ್ಬರ ಬಾಗಿಲನ್ನು ಕೆಳಗಿನವರೆಗೂ ಎಳೆದೆ.

ಎಚ್ಚರವಾದಾಗ ಬಟ್ಟೆ ಬೂದುಬಣ್ಣಕ್ಕೆ ತಿರುಗಿತ್ತು. ಶೂ ಹಾಕಿಕೊಂಡು, ನೋಟ್‌ಬುಕ್ ಹಿಡಿದು, ಸದ್ದಾಗದಂತೆ ಜಿಪ್ ತೆರೆದು ಹೊರಗೆ ತೆವಳಿದೆ. ತಿರುಗಿ ಬಂದು ಮಡಚುವುದಿತ್ತಲ್ಲ, ತೆರೆದೇ ಬಿಟ್ಟೆ. ಕೊಳವೆಗಳ ಬಾಯಿಯ ಮಂಜನ್ನು ಉಗುರಿನಿಂದ ಕೆರೆದು ಒಂದೊಂದಾಗಿ ಅಳೆದೆ. ಏಳನೆಯದನ್ನು ಬರೆಯುವಾಗ ಸೂರ್ಯನ ಅಂಚು ಕಂಡಿತು. ಹನ್ನೆರಡೂ ತಿಂಗಳು ಮುಗಿದವು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅಂಕಿಗಳನ್ನು ಎರಡೆರಡು ಸಲ ಓದಿದೆ.

ಮರಳಿ ಬಂದಾಗ ಜಿಪ್ ಮುಚ್ಚಿತ್ತು.

ಗಾಳಿ ಜಿಪ್ಪನ್ನು ಎಳೆಯುವುದಿಲ್ಲ. ಹೊರಗಿನ ಹಿಡಿ ಕೆಳಗಿನ ತುದಿಯಲ್ಲಿ ಅಲುಗದೆ ತೂಗುತ್ತಿತ್ತು. ಒಳಗೆ ನನ್ನ ಮಲಗುವ ಚೀಲವಿತ್ತು, ಕೈಗವಸುಗಳಿದ್ದವು, ತಕ್ಕಡಿ ಇತ್ತು. ಬಗ್ಗಿ ಹಿಡಿಗೆ ಕೈ ಹಾಕಿದೆ. ಲೋಹ ಚರ್ಮಕ್ಕೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಎಳೆಯುತ್ತಿದ್ದಂತೆ ಅದು ಒಂದು ಬೆರಳಿನಷ್ಟು ಮೇಲೆ ಬಂದು ನಿಂತಿತು. ಒಳಗಿನಿಂದ, ಜೋರಾಗಿ ಏನಲ್ಲ, ಯಾರೋ ಹಿಡಿದುಕೊಂಡಿದ್ದರು.

ಅಣ್ಣನ ಮದುವೆಯಾದ ಹೊಸತರಲ್ಲಿ ನಡುಮನೆಗೆ ಅಡ್ಡವಾಗಿ ಹಗ್ಗ ಕಟ್ಟಿ ಹಳೆಯ ಹೊದಿಕೆಯೊಂದನ್ನು ಇಳಿಬಿಟ್ಟಿದ್ದೆ. ದಾಟುವವರೆಲ್ಲ ಅದನ್ನು ಸರಿಸಿಕೊಂಡೇ ದಾಟುತ್ತಿದ್ದರು. ಒಂದು ರಾತ್ರಿ ನಾನು ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದೆ. ಆ ಕಡೆಯಿಂದ ಯಾರೋ ಎಳೆದರು, ನಾನು ಬಿಡಲಿಲ್ಲ. "ಇದೇನು ಹುಚ್ಚಾಟ," ಎಂದು ಒಮ್ಮೆಗೆ ಜಗ್ಗಿದಾಗ ಹಗ್ಗವೇ ಕಳಚಿ ಬಿತ್ತು. ಮರುದಿನ ಹೊದಿಕೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ.

ಹಿಡಿಯಿಂದ ಕೈ ತೆಗೆದೆ. ಆ ಒಂದು ಬೆರಳಿನ ಸಂದು ಮೆಲ್ಲಗೆ ಮುಚ್ಚಿಕೊಂಡಿತು.

ಬೀಗದಣ್ಣನಿಗೆ ಎರಡೂ ಗಾಳಿಗೆ ಹೋದವೆಂದು ಹೇಳಬೇಕೆಂದುಕೊಂಡೆ. ಅವರು ನಾಲ್ಕು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ, ಹಾಕಿಸಿಕೊಳ್ಳಲಿ. ಮುಂದಿನ ತಿಂಗಳಿಗೆ ಹೊಸದು ಕೇಳಬೇಕು, ಒಂದೇ ಸಾಕು. ಜೌಗಿನ ಅಂಚಿನಿಂದ ಒಂದೊಂದೇ ಕಲ್ಲು ಹೊತ್ತು ತಂದು ನಾಲ್ಕೂ ಗೂಟಗಳ ಮೇಲಿಟ್ಟೆ. ಸಡಿಲವಾಗಿದ್ದ ಹಗ್ಗಗಳನ್ನು ಬಿಗಿದೆ. ಬಿಸಿಲು ಈಗ ಬಟ್ಟೆಯ ಮೇಲೆ ಬಿದ್ದಿತ್ತು. ಒಳಗಿನ ಎರಡು ಬಿಳಿ ಬಿಲ್ಲೆಗಳು ಹೊರಗಿನಿಂದಲೂ ಕಾಣುತ್ತಿದ್ದವು. ನನ್ನದು ಅಂಚಿನಿಂದ ಕರಗಿ ಹರಿಯುತ್ತಿತ್ತು. ಇನ್ನೊಂದು ಕರಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಿಳಿಯಾಗುತ್ತಿತ್ತು.

ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಇಳಿಯತೊಡಗಿದೆ.